ಎರಡನೇ ಹೆಡ್‌ಫೋನ್ ಕೊಳ್ಳುವ ಮುನ್ನ

ಸಂಗೀತದ ಹುಚ್ಚಿರುವವರು ಮೊದಲ ಒಳ್ಳೆಯ ಹೆಡ್‌ಫೋನನ್ನು ಹತ್ತು ಕಡೆ ವಿಚಾರಿಸಿ, ಅಳೆದು ತೂಗಿ ಕೊಳ್ಳುತ್ತಾರೆ. ಎರಡನೆಯದರ ಹೊತ್ತಿಗೆ ಆ ಎಚ್ಚರ ಸಡಿಲವಾಗುತ್ತದೆ. ಕಿವಿಗೆ ರುಚಿ ಹತ್ತಿರುತ್ತದೆ; ‘ಇದಕ್ಕಿಂತ ಮೇಲಿನದು ಯಾವುದು?’ ಎಂಬ ಒಂದೇ ಪ್ರಶ್ನೆ ತಲೆ ತಿನ್ನುತ್ತಿರುತ್ತದೆ. ಐವತ್ತು ಸಾವಿರ, ಕೆಲವೊಮ್ಮೆ ಲಕ್ಷ ದಾಟುವ ಈ ಖರೀದಿ ನಡೆಯುವುದು ಬಹುಪಾಲು ಬಾಯಿಂದ ಬಾಯಿಗೆ ಹಬ್ಬಿದ ನಂಬಿಕೆಗಳ ಮೇಲೆ. ಅವುಗಳಲ್ಲಿ ಕೆಲವಕ್ಕೆ ಆಧಾರವಿಲ್ಲ, ಕೆಲವು ಅರ್ಧಸತ್ಯ. ಒಂದೊಂದನ್ನೇ ಬಿಡಿಸಿ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಎಂದು ತಿಳಿಯುತ್ತದೆ: ಈಗಿರುವ ಹೆಡ್‌ಫೋನಿನಿಂದ ಆಗದ ಕೆಲಸ ಯಾವುದು? ಎರಡನೆಯದು ಬರಬೇಕಾದದ್ದು ಆ ಕೆಲಸಕ್ಕೆ.

ತಪ್ಪು ಕಲ್ಪನೆ: ಎರಡನೆಯದು ಮೊದಲಿನದಕ್ಕಿಂತ ದುಬಾರಿಯಾಗಿದ್ದರೇ ಪ್ರಯೋಜನ

ಸತ್ಯ: ಬೆಲೆಗೂ ಧ್ವನಿಗೂ ನಾವು ಅಂದುಕೊಂಡಷ್ಟು ನಂಟಿಲ್ಲ. ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸನ್ನು, ಅಂದರೆ ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಅಳತೆಯನ್ನು, ಅವುಗಳ ಮಾರಾಟ ಬೆಲೆಯ ಜೊತೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದಕ್ಕಿಂತ ಹಲವು ಪಟ್ಟು ಬೆಲೆಯವು ಬಂದ ಮೇಲೂ, ಹೊಸ ಹೆಡ್‌ಫೋನ್‌ಗಳನ್ನು ತೂಗಿ ನೋಡಲು ಇಂದಿಗೂ ಅದನ್ನೇ ಪಕ್ಕದಲ್ಲಿಟ್ಟುಕೊಳ್ಳುವವರಿದ್ದಾರೆ.

ಹೆಚ್ಚಿನ ಬೆಲೆಗೆ ಏನೂ ಸಿಗುವುದಿಲ್ಲ ಎಂದಲ್ಲ. ಗಟ್ಟಿ ಲೋಹ, ಒಳ್ಳೆಯ ಚರ್ಮ, ಕೈಕೆಲಸ, ಕಡಿಮೆ ಸಂಖ್ಯೆಯ ತಯಾರಿಕೆ, ಕೆಲವೊಮ್ಮೆ ನಿಜವಾದ ಧ್ವನಿಸುಧಾರಣೆ ಸಿಗುತ್ತವೆ. ಆದರೆ ಮೂವತ್ತು ಸಾವಿರದ ಹೆಡ್‌ಫೋನ್ ಇರುವಾಗ ಅದೇ ಜಾತಿಯ, ಅದೇ ಸ್ವಭಾವದ ತೊಂಬತ್ತು ಸಾವಿರದ್ದನ್ನು ತಂದರೆ, ಎರಡರಲ್ಲಿ ಒಂದು ಕಪಾಟು ಸೇರುವುದು ಖಂಡಿತ.

ತಪ್ಪು ಕಲ್ಪನೆ: ನಿಜವಾದ ಹೈ-ಎಂಡ್ ಎಂದರೆ ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್ ಎರಡನೇ ದರ್ಜೆ

ಸತ್ಯ: ಇವು ಮೇಲು ಕೀಳಲ್ಲ, ಬೇರೆ ಬೇರೆ ಕೆಲಸದವು. ಜಾನ್ ಕಾಸ್ 1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀರಿಯೊ ಹೆಡ್‌ಫೋನನ್ನು ಜನರ ಮುಂದಿಟ್ಟಾಗಿನಿಂದ ಹತ್ತು ವರ್ಷ, ಕಿವಿಯನ್ನು ಮುಚ್ಚಿಬಿಡುವ ಬಟ್ಟಲುಗಳೇ ಚಾಲ್ತಿಯಲ್ಲಿದ್ದವು. 1968ರಲ್ಲಿ ಸೆನ್‌ಹೈಸರ್‌ನ ಎಚ್‌ಡಿ 414 ಬಟ್ಟಲಿನ ಹಿಂಭಾಗವನ್ನು ತೆರೆದಿಟ್ಟಿತು. ಡ್ರೈವರ್‌ನ, ಅಂದರೆ ಧ್ವನಿ ಹೊರಡಿಸುವ ಭಾಗದ, ಪೊರೆ ಮುಂದಕ್ಕೆ ತಳ್ಳಿದಷ್ಟೇ ಧ್ವನಿಯನ್ನು ಹಿಂದಕ್ಕೂ ತಳ್ಳುತ್ತದೆ. ಓಪನ್ ಬ್ಯಾಕ್‌ನಲ್ಲಿ ಆ ಹಿಂಬದಿಯ ಧ್ವನಿ ಹೊರಗೆ ಹೋಗುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಅದು ಗೋಡೆಗೆ ಬಡಿದು ವಾಪಸು ಬರುತ್ತದೆ. ಅದನ್ನು ಒಳಗೇ ಅಡಗಿಸುವುದು ತಯಾರಕರಿಗೆ ಕಷ್ಟದ ಕೆಲಸ. ಓಪನ್ ಬ್ಯಾಕ್ ವಿಶಾಲವಾಗಿ ಕೇಳುವುದಕ್ಕೆ ಇದೊಂದು ಕಾರಣ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೊರಗಿನ ಸದ್ದನ್ನು ಅದು ತಡೆಯುವುದೇ ಇಲ್ಲ. ಫ್ಯಾನಿನ ಸದ್ದು, ಕುಕ್ಕರ್ ಕೂಗು, ಕೆಳಗಿನ ರಸ್ತೆಯ ಹಾರನ್, ಎಲ್ಲವೂ ಆಲಾಪದೊಳಗೆ ನುಗ್ಗುತ್ತವೆ. ನೀವು ಕೇಳುವುದು ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಹಲವು ಓಪನ್ ಬ್ಯಾಕ್‌ಗಳಲ್ಲಿ ತೀರಾ ಕೆಳಗಿನ ಬಾಸ್ ಸೊರಗುತ್ತದೆ. ಹಾಡುಗಾರರು ಸ್ಟುಡಿಯೋದಲ್ಲಿ ಕ್ಲೋಸ್ಡ್ ಬ್ಯಾಕ್ ಹಾಕಿಕೊಳ್ಳುವುದು ಅಗ್ಗ ಎಂದಲ್ಲ. ಕಿವಿಯಲ್ಲಿ ನಡೆಯುವ ಟ್ರ್ಯಾಕ್ ಮೈಕಿಗೆ ಸೋರಬಾರದು ಎಂದು. ಬೇಯರ್‌ಡೈನಮಿಕ್‌ನ ಡಿಟಿ 770, ಸೋನಿಯ ಎಂಡಿಆರ್-7506 ದಶಕಗಳಿಂದ ಸ್ಟುಡಿಯೋಗಳಲ್ಲಿ ಉಳಿದಿರುವುದು ಈ ಕೆಲಸದಿಂದ.

ಮೊದಲಿನದು ಓಪನ್ ಬ್ಯಾಕ್ ಆಗಿದ್ದರೆ, ಎರಡನೆಯದಕ್ಕೆ ಒಳ್ಳೆಯ ಕ್ಲೋಸ್ಡ್ ಬ್ಯಾಕ್‌ನಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಕನ್ನಡಕ ಹಾಕುವವರು ಮಾತ್ರ ಒಂದು ಎಚ್ಚರ ವಹಿಸಬೇಕು. ಕ್ಲೋಸ್ಡ್ ಬ್ಯಾಕ್‌ನ ಬಾಸ್ ನಿಂತಿರುವುದು ಪ್ಯಾಡು ಚರ್ಮಕ್ಕೆ ಗಾಳಿಯಾಡದಂತೆ ಕೂರುವುದರ ಮೇಲೆ. ಕನ್ನಡಕದ ಕಡ್ಡಿ ಅಲ್ಲೊಂದು ಸಂದಿ ಮಾಡುತ್ತದೆ, ಬಾಸ್ ಸೋರಿಹೋಗುತ್ತದೆ. ಕನ್ನಡಕ ಹಾಕಿಕೊಂಡೇ ಕೇಳಿ ನೋಡಿ ಕೊಳ್ಳಿ.

ತಪ್ಪು ಕಲ್ಪನೆ: ಓಮ್ ಹೆಚ್ಚಿದ್ದರೆ ದೊಡ್ಡ ಆಂಪ್ಲಿಫೈಯರ್ ಬೇಕು, ಕಡಿಮೆ ಇದ್ದರೆ ಫೋನೇ ಸಾಕು

ಸತ್ಯ: ಓಮ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಹೆಡ್‌ಫೋನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2003ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 650ರ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, 300 ಓಮ್. 1 ವೋಲ್ಟ್ ಕೊಟ್ಟರೆ ಅದು 103 ಡೆಸಿಬೆಲ್ ಧ್ವನಿ ಕೊಡುತ್ತದೆ. ಇದಕ್ಕೆ ತಗಲುವ ಶಕ್ತಿ ಸುಮಾರು 3.3 ಮಿಲಿವ್ಯಾಟ್. ಹೈಫೈಮ್ಯಾನ್ ಕಂಪನಿಯ ಎಚ್‌ಇ-6ರ ಇಂಪಿಡೆನ್ಸ್ ಬರೀ 50 ಓಮ್. ಆದರೆ ಅದರ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಹೊಮ್ಮುವ ಧ್ವನಿ, ಒಂದು ಮಿಲಿವ್ಯಾಟ್‌ಗೆ 83.5 ಡೆಸಿಬೆಲ್ ಮಾತ್ರ. ಅದೇ 103 ಡೆಸಿಬೆಲ್ ಬೇಕಾದರೆ ಅದಕ್ಕೆ ಹತ್ತಿರ ಹತ್ತಿರ 90 ಮಿಲಿವ್ಯಾಟ್ ಬೇಕು, ಎಂದರೆ 27 ಪಟ್ಟು. ಓಮ್ ಆರನೇ ಒಂದು ಭಾಗ, ಹಸಿವು 27 ಪಟ್ಟು!

ಹಾಗಾಗಿ ಪೆಟ್ಟಿಗೆಯ ಮೇಲೆ ಓಮ್‌ನ ಪಕ್ಕದಲ್ಲೇ ಸೆನ್ಸಿಟಿವಿಟಿಯನ್ನೂ ಓದಬೇಕು. 1 ವೋಲ್ಟ್ ಕೊಡುವ ಸಾಧಾರಣ ಯುಎಸ್‌ಬಿ-ಸಿ ಡಾಂಗಲ್ ಎಚ್‌ಡಿ 650ಯನ್ನು ಮನೆಯಲ್ಲಿ ಕೇಳುವಷ್ಟು ಮಟ್ಟಕ್ಕೆ ನಡೆಸಬಲ್ಲದು. ಎಚ್‌ಇ-6ಗೆ ನಿಜವಾಗಿಯೂ ದೊಡ್ಡ ಆಂಪ್ ಬೇಕು. ಎರಡನೇ ಹೆಡ್‌ಫೋನ್ ಆರಿಸುವಾಗ ಆಂಪಿನ ಖರ್ಚನ್ನೂ ಅದರ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಆಂಪ್ ಈಗಾಗಲೇ ಇದ್ದರೆ ಅದರ ಔಟ್‌ಪುಟ್ ಇಂಪಿಡೆನ್ಸ್ ನೋಡಿ. ಅದು ಹೆಡ್‌ಫೋನಿನ ಇಂಪಿಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎಂಬುದು ಬಳಕೆಯಲ್ಲಿರುವ ಸೂತ್ರ. 300 ಓಮ್‌ನದಕ್ಕೆ ಚೆನ್ನಾಗಿ ಒಗ್ಗಿದ್ದ ವಾಲ್ವ್ ಆಂಪ್, 32 ಓಮ್‌ನ ಹೊಸದಕ್ಕೆ ಹೊಂದದೆ ಬಾಸನ್ನು ಮಂಕಾಗಿಸಬಹುದು, ಸ್ವರದ ತೂಕ ಬದಲಿಸಬಹುದು. ಆಗ ತಪ್ಪು ಹೆಡ್‌ಫೋನಿನದಲ್ಲ, ಜೋಡಿಯದು.

ತಪ್ಪು ಕಲ್ಪನೆ: ಪ್ಲಾನರ್ ಎಂದರೆ ಡೈನಮಿಕ್‌ಗಿಂತ ಮೇಲು, ಎಲೆಕ್ಟ್ರೋಸ್ಟಾಟಿಕ್ ಎಲ್ಲಕ್ಕಿಂತ ಮೇಲು

ಸತ್ಯ: ಇವು ಡ್ರೈವರ್‌ನ ಪೊರೆಯನ್ನು ಅಲುಗಿಸುವ ಮೂರು ತಂತ್ರಗಳು. ತಂತ್ರದ ಹೆಸರು ಧ್ವನಿಗೆ ಖಾತರಿಯಲ್ಲ. 2009ರಲ್ಲಿ ಬಂದು ಇಡೀ ವರ್ಗದ ನಿರೀಕ್ಷೆಯನ್ನೇ ಬದಲಿಸಿದ ಎಚ್‌ಡಿ 800 ಡೈನಮಿಕ್ ಡ್ರೈವರ್‌ನದು. ಒಳ್ಳೆಯ ಪ್ಲಾನರ್‌ಗಳ ಬಾಸ್ ತೀರಾ ಕೆಳಗಿನವರೆಗೂ ಸ್ಥಿರವಾಗಿ ಇಳಿಯುತ್ತದೆ, ಅದು ನಿಜ. ಆದರೆ ಸಾಲು ಸಾಲು ಅಯಸ್ಕಾಂತಗಳಿಂದ ತೂಕ ಹೆಚ್ಚುತ್ತದೆ. ಎಚ್‌ಡಿ 600ರ ತೂಕ ಸುಮಾರು 260 ಗ್ರಾಂ. ದೊಡ್ಡ ಪ್ಲಾನರ್‌ಗಳಲ್ಲಿ 600 ಗ್ರಾಂ ಮುಟ್ಟುವವೂ ಇವೆ. ಎಲೆಕ್ಟ್ರೋಸ್ಟಾಟಿಕ್‌ನ ಪೊರೆಗೆ ನೂರಾರು ವೋಲ್ಟ್ ‘ಬಯಸ್’, ಅಂದರೆ ಸದಾ ಇರುವ ವಿದ್ಯುತ್ ಒತ್ತಡ, ಬೇಕು. ಜಪಾನಿನ ಸ್ಟ್ಯಾಕ್ಸ್ ಕಂಪನಿಯ ‘ಪ್ರೊ’ ಸಾಲಿಗೆ 580 ವೋಲ್ಟ್. ನಿಮ್ಮ ಈಗಿನ ಆಂಪ್ ಅದಕ್ಕೆ ಉಪಯೋಗಕ್ಕೇ ಬಾರದು.

ತಪ್ಪು ಕಲ್ಪನೆ: ಈಕ್ವಲೈಜರ್ ಮುಟ್ಟುವುದು ಧ್ವನಿ ಕೆಡಿಸಿದಂತೆ, ಬೇರೆ ಧ್ವನಿ ಬೇಕಾದರೆ ಬೇರೆ ಹೆಡ್‌ಫೋನೇ ಬೇಕು

ಸತ್ಯ: ಎರಡನೆಯದಕ್ಕೆ ದುಡ್ಡು ತೆಗೆಯುವ ಮುನ್ನ ಮಾಡಲೇಬೇಕಾದ ಕೆಲಸ ಈಕ್ವಲೈಜರ್ ಬಳಸಿ ನೋಡುವುದು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತವರ ಸಂಗಡಿಗರು ಕಳೆದ ದಶಕದಲ್ಲಿ ಕೇಳುಗರನ್ನು ಕೂರಿಸಿ ಪ್ರಯೋಗ ನಡೆಸಿದರು. ಯಾವ ಹೆಡ್‌ಫೋನ್ ಎಂದು ಗೊತ್ತಾಗದಂತೆ ಕೇಳಿಸಿದಾಗ ಬಹುಪಾಲು ಜನ ಮೆಚ್ಚಿದ ಧ್ವನಿಯ ಆಕಾರ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅದನ್ನೇ ಇಂದು ‘ಹಾರ್ಮನ್ ಟಾರ್ಗೆಟ್’ ಎನ್ನುತ್ತಾರೆ. ವಿಂಡೋಸ್‌ನಲ್ಲಿ ‘ಈಕ್ವಲೈಜರ್ ಎಪಿಒ’, ಆಂಡ್ರಾಯ್ಡ್‌ನಲ್ಲಿ ‘ವೇವ್‌ಲೆಟ್’ ಬಳಸಿ ನಿಮ್ಮ ಹೆಡ್‌ಫೋನನ್ನು ಆ ಆಕಾರದ ಹತ್ತಿರ ತಂದು ನೋಡಿ. ಪಿಟೀಲು ಚುಚ್ಚುತ್ತಿದೆ ಎನಿಸಿದರೆ ಆ ಭಾಗವನ್ನು ಎರಡು ಮೂರು ಡೆಸಿಬೆಲ್ ಇಳಿಸಿ, ವಾರವೊಂದು ಹಾಗೇ ಕೇಳಿ. ಎರಡನೆಯದು ಬೇಕೆನಿಸಿದ್ದು ಅಷ್ಟಕ್ಕೇ ಆಗಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಈಕ್ವಲೈಜರ್‌ನಿಂದ ಸರಿಹೋಗದವು ತೂಕ, ತಲೆಯ ಮೇಲಿನ ಬಿಗಿತ, ಧ್ವನಿ ಸೋರುವಿಕೆ, ಹೊರಗಿನ ಸದ್ದು. ಹೊಸದನ್ನು ಕೊಳ್ಳಲು ಸಾಚಾ ಕಾರಣಗಳು ಇವೇ.

ತಪ್ಪು ಕಲ್ಪನೆ: ನೂರಾರು ಗಂಟೆ ‘ಬರ್ನ್-ಇನ್’ (ನುಡಿಸಿ ಪಳಗಿಸುವುದು) ಆದ ಮೇಲೇ ನಿಜವಾದ ಧ್ವನಿ ಬರುತ್ತದೆ

ಸತ್ಯ: ಕಾಲ ಕಳೆದಂತೆ ಪಳಗುವುದು ಮುಖ್ಯವಾಗಿ ಕೇಳುವವರ ಕಿವಿ. ಪ್ಯಾಡು ಮೆತ್ತಗಾಗಿ ಡ್ರೈವರ್ ಕಿವಿಗೆ ಹತ್ತಿರವಾಗುವುದೂ ಧ್ವನಿ ಬದಲಿಸುತ್ತದೆ. ಹೆಡ್‌ಫೋನನ್ನು ಕಿವಿಯ ಮೇಲೆ ಒಂದಿಷ್ಟು ಹಿಂದೆ ಮುಂದೆ ಸರಿಸಿದರೂ ಟ್ರೆಬಲ್ ಕೆಲವು ಡೆಸಿಬೆಲ್ ಏರಿಳಿಯುತ್ತದೆ. ಈ ನಂಬಿಕೆಯ ನಿಜವಾದ ಅಪಾಯ ಬೇರೆ: ‘ಇನ್ನೂ ಪಳಗಿಲ್ಲ, ಕಾಯೋಣ’ ಎಂದುಕೊಂಡೇ ವಾಪಸು ಕೊಡುವ ಅವಧಿ ಮುಗಿದುಹೋಗುತ್ತದೆ. ಮೊದಲ ವಾರ ಹಿಡಿಸದ್ದನ್ನು ವಾಪಸು ಕೊಟ್ಟುಬಿಡಿ.

ತಪ್ಪು ಕಲ್ಪನೆ: ದುಬಾರಿ ಕೇಬಲ್, ಹೈ-ರೆಸ್ ಫೈಲ್ ಇಲ್ಲದಿದ್ದರೆ ಹೊಸ ಹೆಡ್‌ಫೋನ್ ದಂಡ

ಸತ್ಯ: ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಗುಣಮಟ್ಟ ಮನುಷ್ಯನ ಕಿವಿ ಮುಟ್ಟುವ 20,000 ಹರ್ಟ್ಸ್‌ವರೆಗಿನದನ್ನು ಪೂರ್ತಿ ಹಿಡಿಯುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪ್ರಯೋಗದಲ್ಲಿ, ಹೈ-ರೆಸ್ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಸಾಮಾನ್ಯ ಧ್ವನಿಮಟ್ಟದಲ್ಲಿ ಕೇಳುಗರಿಗೆ ವ್ಯತ್ಯಾಸ ಗುರುತಿಸಲಾಗಲಿಲ್ಲ. ಕೇಬಲ್ ವಿಷಯದಲ್ಲಿ ನೋಡಬೇಕಾದದ್ದು ಅದನ್ನು ಬಿಚ್ಚಿ ಬದಲಿಸಬಹುದೇ ಎಂಬುದು. ಪ್ಯಾಡು, ಕೇಬಲ್, ತಲೆಪಟ್ಟಿ ಬಿಡಿಬಿಡಿಯಾಗಿ ಸಿಗುವ ಹೆಡ್‌ಫೋನ್ ಹತ್ತಿಪ್ಪತ್ತು ವರ್ಷ ಬಾಳುತ್ತದೆ.

ತಪ್ಪು ಕಲ್ಪನೆ: ವೈರ್‌ಲೆಸ್ ಹೆಡ್‌ಫೋನ್ ಗಂಭೀರ ಕೇಳುಗರಿಗಲ್ಲ

ಸತ್ಯ: ನಿತ್ಯ ಮೆಟ್ರೊ, ಬಸ್ಸು, ವಿಮಾನದಲ್ಲಿ ಕೇಳುವವರಿಗೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ವೈರ್‌ಲೆಸ್ ಹೆಡ್‌ಫೋನೇ ಸರಿಯಾದ ಎರಡನೆಯದಾಗಬಹುದು. ಎಂಜಿನ್ನಿನಂಥ ಕೆಳಸ್ತರದ, ಒಂದೇ ಸಮನೆಯ ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ. ಗದ್ದಲದಲ್ಲಿ ನಾವು ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತೇವೆ; ಸದ್ದು ಅಳಿದರೆ ಏರಿಸುವ ಅಗತ್ಯ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. ಕೆಟ್ಟ ಕಿವಿಗೆ ಯಾವ ಹೆಡ್‌ಫೋನೂ ಔಷಧಿಯಲ್ಲ. ವೈರ್‌ಲೆಸ್ ಹೆಡ್‌ಫೋನಿನ ಮಿತಿ ಬ್ಯಾಟರಿ: ಕೆಲವು ವರ್ಷಗಳಲ್ಲಿ ಅದು ಸವೆಯುತ್ತದೆ. ತಂತಿಯಲ್ಲೂ ನಡೆಯುವ ಮಾದರಿಯನ್ನು ಆರಿಸಿ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಹಾಕಿಕೊಂಡ ತಕ್ಷಣ ‘ವಾಹ್’ ಎನಿಸಿದ್ದೇ ಒಳ್ಳೆಯದು

ಸತ್ಯ: ತಕ್ಷಣ ಗೆಲ್ಲುವುದು ಸಾಮಾನ್ಯವಾಗಿ ತುಸು ಜೋರಾಗಿರುವುದು. ಒಂದೆರಡು ಡೆಸಿಬೆಲ್ ಹೆಚ್ಚಾದರೂ ನಮಗೆ ‘ಜೋರು’ ಎನಿಸುವ ಬದಲು ‘ಚೆನ್ನ’ ಎನಿಸುತ್ತದೆ. ಹೆಡ್‌ಫೋನ್ ಬದಲಿಸಿದಾಗೆಲ್ಲ ವಾಲ್ಯೂಮ್ ಸಮ ಮಾಡಿಕೊಂಡೇ ಹೋಲಿಸಿ. ಅಂಗಡಿಯವರು ಹಾಕುವ ಡೆಮೊ ಹಾಡು ಬೇಡ. ನಿಮಗೆ ಬಾಯಿಪಾಠವಾಗಿರುವ ಧ್ವನಿಮುದ್ರಣ ಒಯ್ಯಿರಿ.

ಕರ್ನಾಟಕ ಸಂಗೀತ ಬಲ್ಲವರಿಗೆ ಮೃದಂಗಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಬಲಬದಿಯ ಕರಿ ಲೇಪದಿಂದ ಅದರ ಮೇಲುಸ್ವರಗಳು ತಂತಿವಾದ್ಯದಂತೆ ಶ್ರುತಿಬದ್ಧವಾಗುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ಒಂದು ತನಿ ಆವರ್ತನ ಹಾಕಿ. ಬಲಬದಿಯ ಪೆಟ್ಟು ಶ್ರುತಿಯಾಗಿ ಕೇಳಬೇಕು. ಬರೀ ‘ಟಕ್’ ಎಂದರೆ ಮಧ್ಯಸ್ತರ ಸೊರಗಿದೆ, ಟ್ರೆಬಲ್ ಉಬ್ಬಿದೆ. ಎಡಬದಿಯ ‘ತೋಂ’ ಹುಟ್ಟಿದ್ದು, ಕೈಯೊತ್ತಿಗೆ ಜಾರಿದ್ದು, ನಿಂತದ್ದು ಮೂರೂ ಬೇರೆ ಬೇರೆ ತಿಳಿಯಬೇಕು. ಮುದ್ದೆಯಾಗಿ ಗುಂಯ್ಗುಟ್ಟಿದರೆ ಬಾಸ್ ಹತೋಟಿಯಲ್ಲಿಲ್ಲ. ಆಮೇಲೆ ಹೆಡ್‌ಫೋನನ್ನು ತಲೆಯಿಂದ ಇಳಿಸದೆ ಮುಕ್ಕಾಲು ಗಂಟೆ ಕೂತು ಕೇಳಿ. ನೆತ್ತಿ ನೋಯುವ, ಕಿವಿ ಬೆವರುವ ಹೆಡ್‌ಫೋನಿನ ಧ್ವನಿ ಎಷ್ಟೇ ಚೆನ್ನಾಗಿದ್ದರೂ ಅದು ಬಳಕೆಯಲ್ಲಿ ಉಳಿಯುವುದಿಲ್ಲ.

ಕೊನೆಗೆ ಮಾಡಬೇಕಾದದ್ದು

ಒಂದು ತಿಂಗಳು, ನಿಮ್ಮ ಹೆಡ್‌ಫೋನನ್ನು ಯಾವಾಗ ಬೇಡವೆಂದು ಬದಿಗಿಡುತ್ತೀರಿ ಎಂಬುದನ್ನು ಗಮನಿಸಿ. ರಾತ್ರಿ ಮನೆಯವರಿಗೆ ತೊಂದರೆ ಎಂದೇ? ಪ್ರಯಾಣಕ್ಕೆ ಆಗುವುದಿಲ್ಲವೆಂದೇ? ಅರ್ಧ ಗಂಟೆಗೆ ತಲೆ ಭಾರವೆಂದೇ? ಹಳೆಯ ಚಿತ್ರಗೀತೆಗೆ ಸೊಗಸು, ಹೊಸದರ ಬಾಸಿಗೆ ಸಾಲದು ಎಂದೇ? ಉತ್ತರ ಸಿಕ್ಕರೆ ಓಪನ್ನೋ ಕ್ಲೋಸ್ಡೋ, ತಂತಿಯೋ ವೈರ್‌ಲೆಸ್ಸೋ, ಹಗುರದ್ದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ, ಆಯ್ಕೆ ನಾಲ್ಕೈದು ಮಾದರಿಗಳಿಗೆ ಇಳಿಯುತ್ತದೆ. ಬೆಲೆ ನೋಡುವುದು ಆಮೇಲಿನ ಮಾತು. ಉತ್ತರ ಸಿಗದಿದ್ದರೆ ನಿಮಗೆ ಎರಡನೆಯದರ ಅಗತ್ಯ ಇನ್ನೂ ಬಂದಿಲ್ಲ ಎಂದರ್ಥ. ಇರುವುದಕ್ಕೆ ಹೊಸ ಪ್ಯಾಡು ಹಾಕಿಸಿ, ಉಳಿದ ದುಡ್ಡಿನಲ್ಲಿ ಕಛೇರಿಗಳಿಗೆ ಹೋಗಿ. ಮೈಕಿಲ್ಲದೆ ಹಾಡುವುದನ್ನು, ನುಡಿಸುವುದನ್ನು ಹತ್ತಿರದಿಂದ ಕೇಳಿದ ಕಿವಿಗೆ ಮುಂದಿನ ಹೆಡ್‌ಫೋನ್ ಆರಿಸುವುದು ಸುಲಭ.