ನೆಲ ಅಗೆಯದೆ ಕೊಳವೆಯ ತಪಾಸಣೆ

ಸವದತ್ತಿ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಅಮ್ಮಿನಬಾವಿಗೆ ಬಂದು, ಅಲ್ಲಿ ಶುದ್ಧಗೊಂಡು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹರಿಯುತ್ತದೆ. ಊರೊಳಗೆ ಕೊಳವೆಗಳೆಲ್ಲ ಮಣ್ಣಿನಡಿ. ಎಲ್ಲಾದರೂ ತುಕ್ಕು ತಿಂದು ತೂತಾದರೆ ನೀರು ಪೋಲು. ಸರಬರಾಜು ನಿಂತು ಒತ್ತಡ ಇಳಿದಾಗ ಹೊರಗಿನ ಕೊಳಕು ಒಳಗೆ ಸೇರುವ ಭಯ ಬೇರೆ. ಹಾಗೆಂದು ರಸ್ತೆಗಳನ್ನೆಲ್ಲ ಅಗೆದು ನೋಡಲಾದೀತೆ?

ಇಲ್ಲಿ ನೆರವಿಗೆ ಬರುವುದು ಶ್ರವಣಾತೀತ ಧ್ವನಿ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಕಂಪನಗಳ ಈ ಧ್ವನಿ ನಮ್ಮ ಕಿವಿಗೆ ಕೇಳಿಸದು. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದನ್ನೇ. ಉಕ್ಕಿನ ಕೊಳವೆಯ ಹೊರಮೈಗೆ ಉಪಕರಣ ತಾಗಿಸಿದರೆ ಧ್ವನಿ ಅದರ ಗೋಡೆಯೊಳಗೆ ಸಾಗಿ, ಒಳಮೈಗೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತದೆ. ಉಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 10 ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಹೋಗಿ ಬರಲು ಸುಮಾರು 3.4 ಮೈಕ್ರೊಸೆಕೆಂಡ್ ಸಾಕು. ಇನ್ನೂ ಬೇಗ ಮರಳಿದರೆ ಅಲ್ಲಿ ಗೋಡೆ ಸವೆದಿದೆ ಎಂದರ್ಥ.

ಇದಕ್ಕೂ ಪ್ರತಿ ಜಾಗದಲ್ಲಿ ಅಗೆಯಬೇಕಲ್ಲವೆ? ಬೇಕಿಲ್ಲ. ಒಂದೇ ಗುಂಡಿ ತೋಡಿ, ಕೊಳವೆಗೆ ಬಳೆಯಂತೆ ಉಪಕರಣ ತೊಡಿಸಿ, ಧ್ವನಿಯನ್ನು ಅದರ ಉದ್ದಕ್ಕೂ ಕಳಿಸುವ ವಿಧಾನವಿದೆ. ಹಲವು ಮೀಟರ್ ಆಚೆಯ ತುಕ್ಕೂ ಪ್ರತಿಧ್ವನಿ ಕೊಡುತ್ತದೆ. ಸುತ್ತಲಿನ ಮಣ್ಣು ಧ್ವನಿಯನ್ನು ಹೀರುವುದರಿಂದ ದೂರಕ್ಕೆ ಮಿತಿಯುಂಟು. ಅನುಮಾನ ಬಂದ ಜಾಗವನ್ನಷ್ಟೇ ಅಗೆದರಾಯಿತು.

ಬಾವಿಗೆ ಬಗ್ಗಿ ಕೂಗು ಹಾಕಿ, ಮರುದನಿಗೆ ಕಾದ ಮಕ್ಕಳಿಗೆ ಈ ವಿದ್ಯೆಯ ಮೂಲ ಆಗಲೇ ಗೊತ್ತು.