ಒಣನೆಲದ ಅರ್ಥಿಂಗ್

ಮೈಲಾರ ತುಂಗಭದ್ರೆಯ ದಡದ ಊರಾದರೂ, ಅದರ ಸುತ್ತಲಿನ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಬಹುಭಾಗ ಮಳೆ ಕಡಿಮೆ ಬೀಳುವ ಬಯಲುಸೀಮೆಯಾಗಿದ್ದು, ಇಂಥ ಕಡೆ ಮನೆಯ ವಿದ್ಯುತ್ ಸುರಕ್ಷತೆಯನ್ನು ಹಿತ್ತಲಿನ ಮಣ್ಣಿನ ತೇವವೂ ನಿರ್ಧರಿಸುತ್ತದೆ.

ಮನೆಗೆ ಬರುವ 230 ವೋಲ್ಟಿನ ಪೂರೈಕೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳ ನಡುವೆ ಕರೆಂಟು ಹರಿಯುತ್ತದೆ. ಮೂರನೆಯದಾದ ಅರ್ಥ್ ತಂತಿ ಮಿಕ್ಸಿ, ಫ್ರಿಜ್, ಗೀಸರ್‌ಗಳ ಲೋಹದ ಹೊರಮೈಯನ್ನು ಹಿತ್ತಲಲ್ಲಿ ಹೂತ ಕೊಳವೆ ಅಥವಾ ತಟ್ಟೆಗೆ ಜೋಡಿಸುತ್ತದೆ. ಟ್ರಾನ್ಸ್‌ಫಾರ್ಮರಿನ, ಅಂದರೆ ರೈತರು ಹೇಳುವ ಟಿಸಿಯ, ನ್ಯೂಟ್ರಲ್ ಕೂಡ ನೆಲಕ್ಕೆ ಸೇರಿರುವುದರಿಂದ, ಒಳಗಿನ ಫೇಸ್ ತಂತಿ ಸುಲಿದು ಹೊರಮೈಗೆ ತಾಗಿದಾಗ ಕರೆಂಟು ಮಣ್ಣಿನ ಮೂಲಕವೇ ಟಿಸಿಗೆ ಮರಳುತ್ತದೆ.

ತೊಡಕು ಇರುವುದು ಈ ಮಣ್ಣಿನ ದಾರಿಯಲ್ಲೇ. ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ನೀರಿನಲ್ಲಿ ಕರಗಿದ ಲವಣಗಳು. ತೇವ ಆರಿದಂತೆ ಅದರ ರೋಧ, ಎಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಏರುತ್ತದೆ. ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಂತೂ ಕೊಳವೆಯ ಮೈಯನ್ನೇ ಬಿಟ್ಟು ಸರಿಯಬಲ್ಲದು. ಈ ರೋಧ 50 ಓಮ್ ಎಂದಿಟ್ಟುಕೊಂಡರೆ, ಓಮನ ನಿಯಮದಂತೆ ಸೋರುವ ಕರೆಂಟು 4.6 ಆಂಪಿಯರನ್ನು ಮೀರದು. ಅತಿಭಾರ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ಬೀಳುವ 16 ಆಂಪಿಯರಿನ ಎಂಸಿಬಿ ಇದನ್ನು ಮಾಮೂಲಿ ಬಳಕೆಯೆಂದೇ ಬಗೆದು ಸುಮ್ಮನಿರುತ್ತದೆ, ಫ್ಯೂಸೂ ಕರಗುವುದಿಲ್ಲ, ಹೊರಮೈ ಮಾತ್ರ ಹೆಚ್ಚುಕಡಿಮೆ ಪೂರ್ಣ ವೋಲ್ಟೇಜಿನಲ್ಲೇ ಉಳಿಯುತ್ತದೆ. ಮಾನವ ದೇಹದ ರೋಧ ಸುಮಾರು 1,000 ಓಮ್ ಇರುವಾಗ ಆ ಹೊರಮೈಯನ್ನು ಮುಟ್ಟಿದವರ ಮೂಲಕ 200 ಮಿಲಿ ಆಂಪಿಯರಿನಷ್ಟು ಹರಿಯಬಲ್ಲದು, ಹೃದಯದ ಲಯ ಕೆಡಿಸಲು ಅಷ್ಟು ಸಾಕು. ಮೈ ಒದ್ದೆಯಾಗಿದ್ದರೆ ರೋಧ ಇನ್ನೂ ಇಳಿಯುತ್ತದೆ.

ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹುಯ್ಯುವ ರೂಢಿಗೆ ವೈಜ್ಞಾನಿಕ ಆಧಾರವಿದೆ: ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ಲವಣ ಒದಗಿಸುತ್ತದೆ. ಆದರೆ ಉಪ್ಪು ಮಳೆಗೆ ಕೊಚ್ಚಿಹೋಗುವುದಲ್ಲದೆ ಕಬ್ಬಿಣದ ಕೊಳವೆಯನ್ನೂ ತಿನ್ನುವುದರಿಂದ, ಇದೊಂದನ್ನೇ ನೆಚ್ಚುವುದು ಜಾಣತನವಲ್ಲ. ಒಣನೆಲಕ್ಕೆ ನಿಜವಾಗಿ ಒಗ್ಗುವ ಸಾಧನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟನ್ನು ನ್ಯೂಟ್ರಲಿನಲ್ಲಿ ಬಂದ ಕರೆಂಟಿನೊಡನೆ ಅದು ಸದಾ ತಾಳೆ ನೋಡುತ್ತಿದ್ದು, 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ ಕ್ಷಣದೊಳಗೆ ಪೂರೈಕೆ ಕಡಿಯುತ್ತದೆ. ಮೇಲಿನ ಲೆಕ್ಕದ 4.6 ಆಂಪಿಯರ್ ಅದಕ್ಕೆ ಬೆಟ್ಟದಷ್ಟು. ಅತಿಭಾರವನ್ನು ಅದು ಗಮನಿಸುವುದಿಲ್ಲವಾದ್ದರಿಂದ ಎಂಸಿಬಿಯೂ ಜೊತೆಗಿರಬೇಕು, ಮತ್ತು ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲನ್ನೂ ಹಿಡಿದವರನ್ನು ಅದು ಕಾಯಲಾರದು.

ಅರ್ಥಿಂಗ್ ಗುಂಡಿಯ ಖರ್ಚು ಉಳಿಸಲು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲಿಗೇ ತಂತಿಯಿಂದ ಕೂಡಿಸುವುದು ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಹಾಗೆ ಮಾಡಿದಲ್ಲಿ ಗಾಳಿಮಳೆಗೆ ಕಂಬದ ಬಳಿ ನ್ಯೂಟ್ರಲ್ ಕಡಿದುಹೋದರೆ, ಚಾಲೂ ಇರುವ ಒಂದು ಬಲ್ಬಿನ ಮೂಲಕ ಬಂದ ಫೇಸ್ ವೋಲ್ಟೇಜು, ಯಾವ ದೋಷವೂ ಇಲ್ಲದ ಫ್ರಿಜ್ಜಿನ ಬಾಗಿಲ ಮೇಲೆ ನಿಂತಿರುತ್ತದೆ.