ಟಿನ್ ಫ್ಯಾಕ್ಟರಿ ಜಾಮ್ ಮತ್ತು ಎಲೆಕ್ಟ್ರಾನುಗಳ ಲೆಕ್ಕ

ಬೆಳಿಗ್ಗೆ ಒಂಬತ್ತಕ್ಕೆ ಕೆ.ಆರ್. ಪುರಂನಿಂದ ಇಂದಿರಾನಗರಕ್ಕೆ ಹೊರಟವರಿಗೆ ‘ಮಾಟ್ ಅವಾಹಕ’ವನ್ನು ಹೆಚ್ಚು ವಿವರಿಸಬೇಕಿಲ್ಲ. ಟಿನ್ ಫ್ಯಾಕ್ಟರಿ ಬಳಿ ರಸ್ತೆ ಮುಚ್ಚಿರುವುದಿಲ್ಲ, ಗಾಡಿ ಕೆಟ್ಟಿರುವುದಿಲ್ಲ. ಮುಂದಿನ ಜಾಗದಲ್ಲಿ ಆಗಲೇ ಇನ್ನೊಂದು ಗಾಡಿ ನಿಂತಿದೆ, ಅಷ್ಟೆ. ನಿಕಲ್ ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳ ಪಾಡೂ ಇದೇ. ಎಲೆಕ್ಟ್ರಾನುಗಳನ್ನು ಒಂಟಿಯಾಗಿ ಎಣಿಸುವ ಲೆಕ್ಕದ ಪ್ರಕಾರ ಅದು ಲೋಹದಂತಿರಬೇಕು. ನಿಜದಲ್ಲಿ ವಿದ್ಯುತ್ತೇ ಹರಿಯದು. ಅವುಗಳ ಪರಸ್ಪರ ವಿಕರ್ಷಣೆಯೇ ಇದಕ್ಕೆ ಕಾರಣವಿರಬೇಕೆಂದು 1937ರಲ್ಲೇ ಮಾಟ್ ಮತ್ತು ಪೈಯರ್ಲ್ಸ್ ಊಹಿಸಿದರು.

1963ರಲ್ಲಿ ಜಾನ್ ಹಬರ್ಡ್ ಈ ಜಗ್ಗಾಟವನ್ನು ಎರಡೇ ಸಂಖ್ಯೆಗಳಿಗೆ ಇಳಿಸಿದ: ಪಕ್ಕದ ಪರಮಾಣುವಿಗೆ ಜಿಗಿಯುವ ಒಲವು, ಒಂದೇ ಪರಮಾಣುವಿನಲ್ಲಿ ಇಬ್ಬರು ಕೂತರೆ ತೆರಬೇಕಾದ ಶಕ್ತಿ. ಒತ್ತಡ ಹೇರಿ ಪರಮಾಣುಗಳನ್ನು ಹತ್ತಿರ ತಂದರೆ ಜಿಗಿತ ಗೆಲ್ಲುತ್ತದೆ, ಅವಾಹಕ ಲೋಹವಾಗುತ್ತದೆ. ಇದೇ ಮಾಟ್ ಸ್ಥಿತ್ಯಂತರ. ಮಾದರಿ ಸರಳ, ಲೆಕ್ಕ ಭಯಂಕರ. ಪ್ರತಿ ಪರಮಾಣುವಿಗೆ ನಾಲ್ಕು ಸ್ಥಿತಿ. ಹತ್ತು ಪರಮಾಣುಗಳಿಗೆ 10,48,576. ಇಪ್ಪತ್ತಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು. ಒಂದೇ ಸಾಲಿನ ಸರಪಳಿಯನ್ನು ಲೀಬ್ ಮತ್ತು ವೂ 1968ರಲ್ಲಿ ನಿಖರವಾಗಿ ಬಿಡಿಸಿದರು. ಎರಡು ಆಯಾಮಕ್ಕೆ ಅಂಥ ಉತ್ತರ ಇವತ್ತಿಗೂ ಇಲ್ಲ.

ದಾರಿ ತೆರೆದದ್ದು ಇನ್ನೊಂದು, ತೀರಾ ಸಣ್ಣದೆನ್ನಿಸುವ ಪ್ರಶ್ನೆ: ಲೋಹದೊಳಗೆ ಒಂದೇ ಒಂದು ಕಾಂತೀಯ ಪರಮಾಣು ಸೇರಿಕೊಂಡರೆ ಏನಾಗುತ್ತದೆ? ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಮಾಡಿದ ಎಚ್.ಆರ್. ಕೃಷ್ಣಮೂರ್ತಿಯವರು ಕೆನೆತ್ ವಿಲ್ಸನ್, ಜಾನ್ ವಿಲ್ಕಿನ್ಸ್ ಜೊತೆ 1975ರಲ್ಲಿ ಇದಕ್ಕೆ ಸಂಖ್ಯಾತ್ಮಕ ರಿನಾರ್ಮಲೈಸೇಷನ್ ವಿಧಾನವನ್ನು ಅನ್ವಯಿಸಿದರು. 1980ರಲ್ಲಿ ವಿವರವಾದ ಎರಡು ಪ್ರಬಂಧ ಬಂದವು. ಲೋಹದ ಎಲೆಕ್ಟ್ರಾನುಗಳ ಶಕ್ತಿಯನ್ನು ಲಾಗರಿದಮ್ ಅಳತೆಯಲ್ಲಿ ಹೋಳು ಮಾಡಿ ಸರಪಳಿಯಾಗಿಸುವುದು; ಒಂದೊಂದೇ ಕೊಂಡಿ ಸೇರಿಸಿ ಬಿಡಿಸುವುದು; ಕೆಳಗಿನ ಶಕ್ತಿಮಟ್ಟಗಳನ್ನು ಇಟ್ಟುಕೊಂಡು ಮೇಲಿನವನ್ನು ಬಿಟ್ಟುಬಿಡುವುದು. ಯಾವುದನ್ನು ಬಿಡಬಹುದೆಂದು ತಿಳಿಯುವುದರಲ್ಲೇ ಜಾಣತನವೆಲ್ಲ ಇದೆ. (ರಿನಾರ್ಮಲೈಸೇಷನ್ ವಿಚಾರಕ್ಕೇ ವಿಲ್ಸನ್‌ಗೆ 1982ರ ನೊಬೆಲ್ ಬಂತು.)

ಒಂಟಿ ಪರಮಾಣುವಿನ ಈ ಸಲಕರಣೆ ಇಡೀ ಸ್ಫಟಿಕಕ್ಕೆ ಒದಗಿದ್ದು ಆಮೇಲೆ. ಮೆಟ್ಜ್‌ನರ್ ಮತ್ತು ಫೋಲ್‌ಹಾರ್ಟ್ 1989ರಲ್ಲಿ ಹಾಕಿದ ತಳಹದಿಯ ಮೇಲೆ ಜಾರ್ಜ್ ಮತ್ತು ಕೋಟ್ಲಿಯಾರ್ 1992ರಲ್ಲಿ ತೋರಿಸಿದ್ದಿಷ್ಟು: ಒಂದು ಪರಮಾಣುವನ್ನು ಆರಿಸಿ, ಮಿಕ್ಕೆಲ್ಲವನ್ನೂ ಅದರ ಪರಿಸರವೆಂದು ಭಾವಿಸಿ, ಎರಡೂ ಹೊಂದುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. 1999ರಲ್ಲಿ ರಾಲ್ಫ್ ಬುಲ್ಲಾ ಇದಕ್ಕೆ ವಿಲ್ಸನ್ ವಿಧಾನವನ್ನು ಜೋಡಿಸಿ, ಶೂನ್ಯ ತಾಪದಲ್ಲಿ ಮಾಟ್ ಸ್ಥಿತ್ಯಂತರವನ್ನು ಲೆಕ್ಕಹಾಕಿದರು. ನೆರೆಹೊರೆಯ ಪರಮಾಣುಗಳ ನಡುವಿನ ಒಳಸಂಬಂಧ ಇದರಲ್ಲಿ ಕಳೆದುಹೋಗುತ್ತದೆ; ನನ್ನ ದೃಷ್ಟಿಯಲ್ಲಿ ಈ ವಿಧಾನದ ದೊಡ್ಡ ಕೊರತೆ ಅದೇ.

ಬಿ.ಎಸ್ಸಿ. ಓದುತ್ತಿರುವವರು ನಾಲ್ಕು ಪರಮಾಣುಗಳ ಹಬರ್ಡ್ ಸರಪಳಿಯಿಂದ ಶುರು ಮಾಡಲಿ. ಸ್ಥಿತಿಗಳು 256 ಮಾತ್ರ. ಮನೆಯ ಲ್ಯಾಪ್‌ಟಾಪೇ ಸಾಕು.